ಅಪ್‌ಡೇಟ್: 'ದಿ ಡ್ರ್ಯಾಗನ್ ವೇಟಿಂಗ್' ಓದಿ ಮುಗಿಸಿದೆ

ಜಾನ್ ಎಂ. ಫೋರ್ಡ್ 1983ರಲ್ಲಿ ಬರೆದ ಈ ಕಾದಂಬರಿಯಲ್ಲಿ ಯಾವುದು ನಿಜವಾದ ಇತಿಹಾಸ, ಯಾವುದು ಕಲ್ಪನೆ ಅಂತ ತಿಳಿಯದೆ ಓದು ನಿಂತುಹೋಗಿದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ; ಕೆಲವರು ಸಲಹೆ ಕೊಟ್ಟಿದ್ದರು. ಈಗ ಮುಗಿಯಿತು, ತುಂಬಾ ಖುಷಿಯಾಗಿದೆ.

ಪಾತ್ರಗಳ ಪಟ್ಟಿ ಮಾಡಿಕೊಳ್ಳುವ ಸಲಹೆ ನನಗೆ ಕೆಲಸಕ್ಕೆ ಬರಲಿಲ್ಲ. ಕೆಲವರು ಹೆಸರು ಮರೆಸಿಕೊಂಡೇ ಓಡಾಡುತ್ತಾರಲ್ಲ! ಕೈಹಿಡಿದದ್ದು ಇನ್ನೊಂದು ಸಲಹೆ: ಮೊದಲು 1483ರಿಂದ 1485ರವರೆಗಿನ ಇಂಗ್ಲೆಂಡಿನ ಇತಿಹಾಸ ಓದಿಕೊಳ್ಳಿ ಅಂತ. ದೊರೆ ನಾಲ್ಕನೇ ಎಡ್ವರ್ಡ್‌ನ ಸಾವು, ಲಂಡನ್ ಟವರ್ ಕೋಟೆಯಲ್ಲಿದ್ದ ಅವನ ಇಬ್ಬರು ರಾಜಕುಮಾರರು, ಆಮೇಲೆ ರಾಜನಾದ ಅವನ ತಮ್ಮ ಮೂರನೇ ರಿಚರ್ಡ್, ರಿಚರ್ಡ್ ಸತ್ತ ಬಾಸ್‌ವರ್ತ್ ಯುದ್ಧ. ಇಷ್ಟು ಗೊತ್ತಾದ ಮೇಲೆ ಆಸ್ಥಾನದ ಒಳಸಂಚು ಸಲೀಸಾಗಿ ಅರ್ಥವಾಯಿತು. ಸಲಹೆ ಕೊಟ್ಟವರಿಗೆ ದೊಡ್ಡ ಥ್ಯಾಂಕ್ಸ್.

ಅಚ್ಚರಿಯ ಸಂಗತಿ ಏನೆಂದರೆ, ಇತಿಹಾಸ ದಾರಿ ಬದಲಿಸುವುದು ಇಂಗ್ಲೆಂಡಿನಲ್ಲಿ ಅಲ್ಲ. ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ, ಕ್ರೈಸ್ತ ಧರ್ಮ ಬಿಟ್ಟು ಹಳೆಯ ದೇವರುಗಳ ಪೂಜೆ ಮರಳಿ ತರಲು ಹೊರಟ ರೋಮ್‌ನ ಚಕ್ರವರ್ತಿ ಜೂಲಿಯನ್ ಕಾಲದಲ್ಲಿ! ನಿಜದಲ್ಲಿ ಅವನು 363ರಲ್ಲಿ ಪರ್ಷಿಯಾ ಮೇಲಿನ ದಂಡಯಾತ್ರೆಯಲ್ಲಿ ಗಾಯಗೊಂಡು ಸತ್ತ. ಕಾದಂಬರಿಯಲ್ಲಿ ಹೆಚ್ಚು ಕಾಲ ಆಳುತ್ತಾನೆ. ಹಾಗಾಗಿ ಯುರೋಪ್ ಕ್ರೈಸ್ತವಾಗುವುದಿಲ್ಲ, ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಬಲವಾಗಿ ಬೆಳೆಯುತ್ತದೆ. ಇದು ಹೊಳೆದ ಮೇಲೆ ಮೊದಲ ಅಧ್ಯಾಯಗಳನ್ನು ಮತ್ತೆ ಓದಿದೆ. ಆಗಲೇ ಮಜಾ ಜಾಸ್ತಿ ಸಿಕ್ಕಿದ್ದು.

ಬಾಸ್‌ವರ್ತ್‌ನಲ್ಲಿ ಏನಾಗುತ್ತದೆ ಅಂತ ಮಾತ್ರ ಹೇಳಲ್ಲ, ನೀವೇ ಓದಿ.