ಮನೆ ವ್ಯಾಪಾರಕ್ಕೆ ವೆಬ್‌ಸೈಟ್: ರೆಡಿ ಟೆಂಪ್ಲೇಟ್ ಸಾಕಾ, ಹೊಸದಾಗಿ ಮಾಡಿಸಬೇಕಾ?

ಕೇಳಿದವರು, ಶಿರಸಿ: ಮನೆಯಲ್ಲೇ ಮಾಡಿದ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಮಾರುತ್ತೇವೆ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ. ಈಗ ವೆಬ್‌ಸೈಟ್ ಬೇಕು. ಒಬ್ಬರು ಮೊದಲಿಂದ ಕೋಡ್ ಬರೆದು ಮಾಡಿಕೊಡುತ್ತಾರಂತೆ. ಇನ್ನೊಬ್ಬರು ರೆಡಿ ಟೆಂಪ್ಲೇಟ್, ಅಂದರೆ ಮೊದಲೇ ಮಾಡಿಟ್ಟ ಡಿಸೈನ್, ಸಾಕು ಅನ್ನುತ್ತಾರೆ. ಮಾಡಿಸಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ, ಮಸಾಲೆಪುಡಿ ವ್ಯಾಪಾರ: ಟೆಂಪ್ಲೇಟ್ ಸಾಕು. ನಾವು ಸೈಟ್ ಕಟ್ಟುವ ವರ್ಡ್‌ಪ್ರೆಸ್ ಮೇಲೆ ಆನ್‌ಲೈನ್ ಅಂಗಡಿಯ ವೂಕಾಮರ್ಸ್ ಹಾಕಿ, ರೆಡಿ ಥೀಮ್ (ಅದರ ಟೆಂಪ್ಲೇಟ್) ತಗೊಂಡು ಮಾಡಿಸಿದೆವು. ಆ ಎರಡು ಸಾಫ್ಟ್‌ವೇರೂ ಉಚಿತ. ಟೈಮ್ ಹಿಡಿದದ್ದು ಡಿಸೈನ್‌ಗಲ್ಲ, ಕೊರಿಯರ್ ಲೆಕ್ಕಕ್ಕೆ. ಒಂದೊಂದು ಪ್ಯಾಕೆಟ್ಟಿನ ತೂಕ ತುಂಬಬೇಕು, ಊರು ನೋಡಿ ಚಾರ್ಜ್ ಕೂಡಿಸಬೇಕು. ನಿಮ್ಮದು ಗಾಜಿನ ಬಾಟಲಿ ಆದರೆ ಪ್ಯಾಕಿಂಗ್ ತೂಕವನ್ನೂ ಸೇರಿಸಿ. ಇಲ್ಲದಿದ್ದರೆ ಲಾಭವೆಲ್ಲ ಕೊರಿಯರ್‌ಗೇ ಹೋಗುತ್ತದೆ. ಸೈಟಿನಲ್ಲೇ ದುಡ್ಡು ಪಡೆಯಲು ರೇಜರ್‌ಪೇಯಂಥ ಪೇಮೆಂಟ್ ಗೇಟ್‌ವೇ ಬೇಕಂದರೆ ರೀಫಂಡ್ ನಿಯಮ, ಪ್ರೈವಸಿ, ಸಂಪರ್ಕದ ಪುಟಗಳನ್ನು ಮೊದಲೇ ಬರೆದಿಡಿ. ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಸೈಟಿನಲ್ಲೂ ಇರಲಿ. ಥೀಮ್‌ನ ಡೆಮೊ ಚೆಂದ ಕಾಣುವುದು ಅದರ ಫೋಟೊಗಳಿಂದ, ಹಾಗಾಗಿ ಉಳಿದ ದುಡ್ಡನ್ನು ಒಳ್ಳೆ ಫೋಟೊಗೆ ಹಾಕಿ.

ಸಕಲೇಶಪುರದ ಕಡೆಯಿಂದ, ಹೋಮ್‌ಸ್ಟೇ: ನಮಗೆ ಟೆಂಪ್ಲೇಟ್ ಹೊಂದಲಿಲ್ಲ. ರೂಮುಗಳನ್ನು ಬಿಡಿಯಾಗಿಯೂ ಕೊಡುತ್ತೇವೆ, ಇಡೀ ಮನೆಯನ್ನೂ ಕೊಡುತ್ತೇವೆ. ಒಂದು ರೂಮ್ ಹೋದರೂ ಆ ದಿನ ಮನೆ ಸಿಗಬಾರದು. ಊಟದ್ದು ತಲೆಲೆಕ್ಕ. ನಾವು ನೋಡಿದ ಬುಕಿಂಗ್ ಪ್ಲಗಿನ್‌ಗಳಲ್ಲಿ (ಸೈಟಿಗೆ ಸೇರಿಸುವ ರೆಡಿ ಸಾಫ್ಟ್‌ವೇರ್) ಇದೆಲ್ಲ ಒಟ್ಟಿಗೆ ಬರಲಿಲ್ಲ. ಕೋಡ್ ಬರೆಸಿದೆವು, ಚೆನ್ನಾಗಿದೆ. ಆದರೆ ಬರೆದ ಹುಡುಗ ಬೇರೆ ಕೆಲಸಕ್ಕೆ ಸೇರಿದ. ಅದನ್ನು ಅರ್ಥ ಮಾಡಿಕೊಳ್ಳುವ ಇನ್ನೊಬ್ಬರು ಸಿಗುವವರೆಗೆ ದರಪಟ್ಟಿ ಬದಲಿಸಲೂ ಆಗಲಿಲ್ಲ.

ಹುಬ್ಬಳ್ಳಿಯಿಂದ, ವೆಬ್‌ಸೈಟ್ ಮಾಡಿಕೊಡುವವಳು: ಉಪ್ಪಿನಕಾಯಿ ಮಾರಲು ಹೊಸ ಕೋಡ್ ಬೇಡ. ಯಾವುದೇ ಆಗಲಿ, ಡೊಮೈನ್ (ಸೈಟಿನ ವಿಳಾಸ) ಮತ್ತು ಹೋಸ್ಟಿಂಗ್ (ಸೈಟ್ ಇಡುವ ಜಾಗ) ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲೇ ಇರಬೇಕು. ಇದರಲ್ಲಿ ಮಾತ್ರ ರಾಜಿ ಆಗಬೇಡಿ. ಡೊಮೈನ್ ಬೇರೆಯವರ ಕೈಯಲ್ಲಿದ್ದು, ಅಂಗಡಿಯ ಹೆಸರನ್ನೇ ಬದಲಿಸಿಕೊಂಡವರನ್ನು ನೋಡಿದ್ದೇನೆ. ಆನ್‌ಲೈನ್‌ನಲ್ಲೇ ಸೈಟ್ ಕಟ್ಟಿಕೊಳ್ಳುವ ವಿಕ್ಸ್‌ನಲ್ಲಿ ಮಾಡಿದ ಸೈಟನ್ನು ಹಾಗೇ ಎತ್ತಿ ಬೇರೆ ಕಡೆ ಇಡಲು ಬರುವುದಿಲ್ಲ. ವರ್ಡ್‌ಪ್ರೆಸ್ ಆದರೆ ಸಾಗಿಸಬಹುದು, ಆದರೆ ಅಪ್‌ಡೇಟ್ ಮಾಡುತ್ತಲೇ ಇರಬೇಕು. ಹ್ಯಾಕ್ ಆಗುವುದು ಹಳೇ ಪ್ಲಗಿನ್‌ಗಳಿಂದಲೇ ಜಾಸ್ತಿ. ಅದನ್ನು ಯಾರು ನೋಡಿಕೊಳ್ಳುತ್ತಾರೆ, ವರ್ಷಕ್ಕೆ ಎಷ್ಟು ಅಂತ ಈಗಲೇ ಬರೆಸಿಕೊಳ್ಳಿ.

ನನ್ನದೇ ಇನ್ನೊಂದು ಮಾತು. ಕನ್ನಡ ಪುಟ ಇರುತ್ತದೆ ಅಲ್ವಾ? ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದಿದ್ದರೆ ಯುನಿಕೋಡ್‌ಗೆ (ಈಗ ಮೊಬೈಲ್, ಇಂಟರ್ನೆಟ್‌ನಲ್ಲಿ ಬಳಸುವ ಅಕ್ಷರ ಪದ್ಧತಿಗೆ) ಬದಲಿಸಿಯೇ ಹಾಕಿ. ಇಲ್ಲದಿದ್ದರೆ ಕನ್ನಡದಲ್ಲಿ ಹುಡುಕಿದವರಿಗೆ ನಿಮ್ಮ ಪುಟ ಸಿಗುವುದೇ ಇಲ್ಲ. ಥೀಮ್ ಆರಿಸುವಾಗ 'ಅಪ್ಪೆಮಿಡಿ ಉಪ್ಪಿನಕಾಯಿ' ಅಂತ ಎರಡು ಸಾಲು ಹಾಕಿ, ಮೊಬೈಲ್‌ನಲ್ಲಿ ನೋಡಿ. ಇಂಗ್ಲಿಷ್‌ಗೆಂದೇ ಮಾಡಿದ ಎಷ್ಟೋ ಥೀಮ್‌ಗಳಲ್ಲಿ ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ತುಮಕೂರಿನಿಂದ: ವಾಟ್ಸಾಪ್ ಮಾತ್ರ ಬಿಡಬೇಡಿ. ಹಳೇ ಗಿರಾಕಿಗಳು ಅಲ್ಲೇ ಕೇಳುತ್ತಾರೆ. ಸೈಟಿನ ಪ್ರತಿ ಪುಟದಲ್ಲೂ ಅದರ ಬಟನ್ ಇಡಿಸಿ. ಗೂಗಲ್ ಮ್ಯಾಪ್‌ಗೆ ವ್ಯಾಪಾರದ ಹೆಸರು ಸೇರಿಸುವುದು ಉಚಿತ. ಸೈಟ್ ಆಗುವವರೆಗೆ ಕಾಯದೆ ಅದನ್ನು ಈಗಲೇ ಮಾಡಿ.