ಎಸ್‌ಟಿಪಿ, ಸೆಪ್ಟಿಕ್ ಟ್ಯಾಂಕ್, ಮುರಕಲ್ಲಿನ ಬಾವಿ: ಎಂಜಿನಿಯರ್ ಜತೆ ಪ್ರಶ್ನೋತ್ತರ (ಕೇಳಿದವರ ಹೆಸರಿನ ಬದಲು ಮಂಗಳೂರಿನ ಅವರವರ ಬಡಾವಣೆಯ ಹೆಸರಿದೆ)

ಕದ್ರಿ: 60 ಫ್ಲ್ಯಾಟ್, 40 ಕೆಎಲ್‌ಡಿ (ದಿನಕ್ಕೆ 40,000 ಲೀಟರ್) ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಗಾಳಿ ಊದುವ ಬ್ಲೋವರ್ ಹಗಲೂ ರಾತ್ರಿ ಓಡುತ್ತದೆ. ತಿಂಗಳಿಂದ ಹೊರಬರುವ ನೀರು ಅಕ್ಕಿ ತೊಳೆದ ಹಾಗೆ, ಸೆಟ್ಲರ್‌ನಲ್ಲಿ (ಕೆಸರು ತಳಕ್ಕೆ ಕೂರಬೇಕಾದ ಟ್ಯಾಂಕ್) ಕೆಸರು ಹೆಪ್ಪುಹೆಪ್ಪಾಗಿ ತೇಲುತ್ತದೆ. ಗಾಳಿ ಸಾಲದು, ಇನ್ನೊಂದು ಬ್ಲೋವರ್ ಬೇಕು ಅಂತಾರೆ ಆಪರೇಟರ್.

ಎಂಜಿನಿಯರ್: ಬ್ಲೋವರ್ ಈಗಲೇ ತರಬೇಡಿ. ಏರೇಷನ್ ಟ್ಯಾಂಕಿನ (ಗಾಳಿ ಊದುವ ಟ್ಯಾಂಕ್) ಪಿಎಚ್ ಎಷ್ಟು, ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ, ಲೀಟರಿಗೆ ಮಿಲಿಗ್ರಾಂ) ಎಷ್ಟು? ಬಾವಿ ನೀರೋ ತುಂಬೆ ಅಣೆಕಟ್ಟಿನ ನಳ್ಳಿ ನೀರೋ?

ಕದ್ರಿ: ಬಾವಿ. ಪಿಎಚ್ 5.7, ಡಿಒ 4.5.

ಎಂಜಿನಿಯರ್: ಗಾಳಿ ಜಾಸ್ತಿಯೇ ಆಗಿದೆ, ಡಿಒ 2 ಇದ್ದರೆ ಸಾಕು. ಗಾಳಿ ಸಿಕ್ಕಾಗ ಕೊಳಚೆಯ ಅಮೋನಿಯಾ ನೈಟ್ರೇಟ್ ಆಗಿ ಬದಲಾಗುತ್ತದೆ, ಆಗ 1 ಗ್ರಾಂ ನೈಟ್ರೋಜನ್‌ಗೆ ಸುಮಾರು 7 ಗ್ರಾಂ ಕ್ಷಾರತೆ (ಪಿಎಚ್ ಕುಸಿಯದಂತೆ ತಡೆಯುವ ಅಂಶ) ಖರ್ಚಾಗುತ್ತದೆ. ಬಯಲುಸೀಮೆಯ ಗಡಸು ನೀರಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಬಾವಿ ನೀರು ಮೆದು, ಕ್ಷಾರತೆ ಬೇಗ ಮುಗಿಯುತ್ತದೆ. ಆಮೇಲೆ ಪಿಎಚ್ ಕುಸಿದು ಕೆಸರಿನ ಉಂಡೆ ಒಡೆಯುತ್ತದೆ, ನೀರು ಕದಡುತ್ತದೆ. ಅದೇ ನೈಟ್ರೇಟ್ ಸೆಟ್ಲರ್ ತಳದಲ್ಲಿ ನೈಟ್ರೋಜನ್ ಗುಳ್ಳೆಯಾಗಿ ಕೆಸರನ್ನು ಎತ್ತುತ್ತದೆ.

ಖಾತ್ರಿಗೆ 1 ಲೀಟರ್ ಅಳತೆ ಸಿಲಿಂಡರಿಗೆ ಏರೇಷನ್ ಟ್ಯಾಂಕಿನ ನೀರು ತುಂಬಿಸಿ ಅಲುಗಾಡಿಸದೆ ಇಡಿ. ಅರ್ಧ ಗಂಟೆಗೆ ಕೆಸರು 300 ಮಿಲಿ ಆಸುಪಾಸಿಗೆ ಕೂರಬೇಕು. ಒಂದೆರಡು ಗಂಟೆ ಬಿಟ್ಟು ನೋಡಿ: ಅಂಚಿನಲ್ಲಿ ಸಣ್ಣ ಗುಳ್ಳೆ ಕಟ್ಟಿ ಕೂತ ಕೆಸರು ಒಟ್ಟಾಗಿ ಮೇಲೇಳುತ್ತದೆ, ಕಡ್ಡಿಯಿಂದ ಮೆಲ್ಲಗೆ ಕಲಕಿದರೆ ಗುಳ್ಳೆ ಬಿಟ್ಟು ಮತ್ತೆ ಇಳಿಯುತ್ತದೆ. ಹಾಗಾದರೆ ಕಾರಣ ಇದೇ.

ಬ್ಲೋವರ್ 2 ಗಂಟೆ ಓಡಿಸಿ 1 ಗಂಟೆ ನಿಲ್ಲಿಸಿ. ನಿಂತ ಹೊತ್ತಿನಲ್ಲಿ ನೈಟ್ರೇಟ್ ಒಡೆದು, ಖರ್ಚಾದ ಕ್ಷಾರತೆಯಲ್ಲಿ ಅರ್ಧದವರೆಗೆ ವಾಪಸ್ ಸಿಗುತ್ತದೆ. ಸೆಟ್ಲರ್‌ನ ಕೆಸರನ್ನು ಏರೇಷನ್ ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಪಂಪ್ ಮಾತ್ರ ನಿಲ್ಲಬಾರದು, ಕೆಸರು ಸೆಟ್ಲರ್‌ನಲ್ಲಿ ಹೆಚ್ಚು ಹೊತ್ತು ಕೂತರೆ ಮತ್ತೆ ತೇಲುತ್ತದೆ. ಜತೆಗೆ ಅಡುಗೆ ಸೋಡಾ ದಿನಕ್ಕೆ 5 ಕಿಲೋ, ಬಕೆಟಿನಲ್ಲಿ ಕರಗಿಸಿ ಮೂರು ಸಲಕ್ಕೆ ಹಂಚಿ ಹಾಕಿ. ಪಿಎಚ್ 6.8 ದಾಟಿದ ಮೇಲೆ ಕಡಿಮೆ ಮಾಡುತ್ತ ಬನ್ನಿ. ಕಾಸ್ಟಿಕ್ ಸೋಡಾ ಬೇಡ, ಒಂದು ಮಗ್ಗು ಹೆಚ್ಚಾದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಪದವಿನಂಗಡಿ: ಸೆಪ್ಟಿಕ್ ಟ್ಯಾಂಕಿಗೆ ಬೆಲ್ಲ, ಯೀಸ್ಟ್, ಮೊಸರು ಹಾಕಿದರೆ 10 ವರ್ಷ ಕೆಸರು ತೆಗೆಸುವುದು ಬೇಡವಂತೆ. ಫಾರ್ವರ್ಡ್ ಬಂದಿದೆ.

ಎಂಜಿನಿಯರ್: ಸುಳ್ಳು. ಬೇಕಾದ ಬ್ಯಾಕ್ಟೀರಿಯಾ ಮಲದಲ್ಲೇ ಉಂಟು. ತಳದ ಕೆಸರು, ಮೇಲಿನ ಕೆನೆ ಸೇರಿ ಟ್ಯಾಂಕಿನ ಮೂರನೇ ಒಂದು ಭಾಗ ಆದರೆ ತೆಗೆಸಿ. 2–3 ವರ್ಷಕ್ಕೊಮ್ಮೆ.

ಕುಲಶೇಖರ: ಇಎಂ ದ್ರಾವಣ (ಅಂಗಡಿಯಲ್ಲಿ ಸಿಗುವ ಸೂಕ್ಷ್ಮಜೀವಿಗಳ ದ್ರಾವಣ) ಹಾಕಬಹುದಾ?

ಎಂಜಿನಿಯರ್: ಅದೇ ಉತ್ತರ.



ಬಿಜೈ: ಮಳೆ ಬಂದಾಗ ಮ್ಯಾನ್‌ಹೋಲ್ ಯಾಕೆ ಉಕ್ಕುತ್ತದೆ?

ಎಂಜಿನಿಯರ್: ತಾರಸಿಯ ಪೈಪನ್ನು ಒಳಚರಂಡಿಗೆ ಕೊಟ್ಟಿರುತ್ತಾರೆ. 200 ಚದರ ಮೀಟರ್ ತಾರಸಿಗೆ ಗಂಟೆಗೆ 50 ಮಿಮೀ ಮಳೆ ಅಂದರೆ 10,000 ಲೀಟರ್, 70 ಜನರ ಇಡೀ ದಿನದ ಬಳಕೆ. ಪೈಪ್ ಬಿಡಿಸಿ ಮಳೆನೀರಿನ ಚರಂಡಿಗೆ ಕೊಡಿ.

ಮರೋಳಿ: ಗುಡ್ಡದ ಮೇಲಿನ ಮನೆಯ ಇಂಗುಗುಂಡಿ ನಮ್ಮ ಬಾವಿಗೆ 15 ಮೀಟರ್. ಅಪಾಯವೇ?

ಶಕ್ತಿನಗರ: 15 ಮೀಟರ್ ಸಾಕಲ್ಲ, ಮಣ್ಣು ಸೋಸುತ್ತದೆ. ಎಲ್ಲದಕ್ಕೂ ಮೇಲಿನವರನ್ನು ದೂರುವುದು ಸರಿಯಲ್ಲ.

ಮರೋಳಿ: ಕುಡಿಯುವವರು ನಾವು. ನಿಮ್ಮ ಮನೆ ಮೇಲೆ ಉಂಟು, ಅದಕ್ಕೇ ಈ ಮಾತು.

ಶಕ್ತಿನಗರ: ನಿಮ್ಮ ಬಾವಿಕಟ್ಟೆ ಒಡೆದಿದ್ದರೆ ನಾವೇನು ಮಾಡುವುದು?

ಮರೋಳಿ: ನೋಡದೆ ಮಾತಾಡಬೇಡಿ.

ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಮುರಕಲ್ಲಿನ ತುಂಬ ತೂತು, ಬಿರುಕು, ಅದರಡಿ ನೀರು ಇಳಿಯದ ಶೇಡಿಮಣ್ಣು. ಕೊಳಕು ನೀರು ಸೋಸದೆ ಇಳಿಜಾರಿಗೆ ಜಾರುತ್ತದೆ, 15 ಮೀಟರ್ ಲೆಕ್ಕ ಇಲ್ಲಿ ನಂಬುವ ಹಾಗಿಲ್ಲ. ಜೋರು ಮಳೆಯ ವಾರದಲ್ಲಿ ಇ. ಕೋಲೈ (ಮಲದಲ್ಲಿರುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. 100 ಮಿಲಿಯಲ್ಲಿ ಒಂದೂ ಇರಬಾರದು. ಅಲ್ಲಿಯವರೆಗೆ ಕುದಿಸಿ ಕುಡಿಯಿರಿ.

ಬಜಾಲ್: ನಾಳೆ ಸೆಪ್ಟಿಕ್ ಟ್ಯಾಂಕ್ ತೆರೆಯುತ್ತೇವೆ. ಕೆಲಸದವ ಇಳಿಯಲು ಒಪ್ಪಿದ್ದಾನೆ. ಮೊದಲು ಮೇಣದಬತ್ತಿ ಇಳಿಸಿ, ಆರದಿದ್ದರೆ ಗ್ಯಾಸ್ ಇಲ್ಲ ಅಂತ ವಿಡಿಯೊದಲ್ಲಿದೆ.

ಎಂಜಿನಿಯರ್: ಯಾರನ್ನೂ ಇಳಿಸಬೇಡಿ. ಮೀಥೇನ್ ಇದ್ದರೆ ಆ ಬತ್ತಿಯೇ ಬೆಂಕಿ ಹಚ್ಚುತ್ತದೆ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ 700 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 700 ಭಾಗ) ಇದ್ದರೂ ಬತ್ತಿ ಉರಿಯುತ್ತಲೇ ಇರುತ್ತದೆ, ಇಳಿದವನು ಮಾತ್ರ ಕ್ಷಣದಲ್ಲಿ ಬೀಳುತ್ತಾನೆ. 100 ದಾಟಿದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ. ಇಡೀ ದಿನ ಮುಚ್ಚಳ ತೆರೆದಿಟ್ಟರೂ ಕೆಸರು ಕಲಕಿದ ಕೂಡಲೇ ಗ್ಯಾಸ್ ಏಳುತ್ತದೆ. ಮಲಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಹೀಗೆ ಇಳಿಸುವುದು ಅಪರಾಧ. ಆ ವಿಡಿಯೊ ಇನ್ನು ಯಾರಿಗೂ ಕಳಿಸಬೇಡಿ.

ಬಜಾಲ್: ಸಕ್ಕಿಂಗ್ ಗಾಡಿ ನಮ್ಮ ಓಣಿಗೆ ಬರುವುದಿಲ್ಲ.

ಎಂಜಿನಿಯರ್: ರಸ್ತೆಯಲ್ಲಿ ನಿಲ್ಲಿಸಿ ಹೋಸ್ ಜೋಡಿಸಿ ಎಳೆಯಬಹುದು. ಟ್ಯಾಂಕಿನ ತಳದಿಂದ ಗಾಡಿಗೆ ಎತ್ತರ 6 ಮೀಟರ್ ಮೀರಬಾರದು, ಮೀರಿದರೆ ಎಳೆತ ಸಾಲದು. ಗಟ್ಟಿ ಕೆಸರಿಗೆ ಮೇಲಿನಿಂದಲೇ ನೀರಿನ ಜೆಟ್.

ಅಶೋಕನಗರ: ಬೆಲ್ಲ, ಯೀಸ್ಟ್ ಎಷ್ಟೆಷ್ಟು ಹಾಕಬೇಕು?

ಎಂಜಿನಿಯರ್: ಮೇಲೆ ಓದಿ. ಬಜಾಲ್‌ನವರೇ, ಇಳಿಸುವುದಿಲ್ಲ ಅಂತ ಇಲ್ಲಿ ಬರೆಯಿರಿ.

ಬಜಾಲ್: ಇಳಿಸುವುದಿಲ್ಲ. ಗಾಡಿಗೆ ಹೇಳುತ್ತೇನೆ.