ತಾರಸಿ ಕುಂಡಗಳಲ್ಲಿ ಚಿಗುರೆಲೆ ಹಳದಿ, ನರ ಮಾತ್ರ ಹಸಿರು: ಗೊಬ್ಬರ ಹಾಕಿದರೂ ಸರಿಹೋಗುತ್ತಿಲ್ಲ

ಪ್ರಶ್ನೆ (ತಾರಸಿ ತೋಟ, ಮಂಡ್ಯ)

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಮೇಲೆ ನಮ್ಮ ತಾರಸಿಯ ಮೈಸೂರು ಮಲ್ಲಿಗೆ, ದಾಸವಾಳ ಮತ್ತು ಗುಲಾಬಿ ಗಿಡಗಳ ಚಿಗುರೆಲೆಗಳು ಹಳದಿಯಾಗುತ್ತಿವೆ. ಎಲೆಯ ನರಗಳು ಮಾತ್ರ ಹಸಿರಾಗಿಯೇ ಉಳಿದು, ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಕಸೂತಿ ಹಾಕಿದಂತೆ ಕಾಣುತ್ತವೆ. ಬುಡದ ಹಳೆಯ ಎಲೆಗಳಿಗೆ ಏನೂ ಆಗಿಲ್ಲ. ಬೀನ್ಸ್ ಗಿಡಗಳಲ್ಲಿ ಎಲೆಯ ಅಂಚು ಕಂದಾಗಿ ಒಣಗುತ್ತಿದೆ. ಅದರ ಪಕ್ಕದಲ್ಲೇ ಇರುವ ಪಾಲಕ್ ಮಾತ್ರ ಸೊಂಪಾಗಿದೆ. ಎರೆಗೊಬ್ಬರ, ಬೇವಿನ ಹಿಂಡಿ, ಹಳ್ಳಿಯಿಂದ ತಂದ ಒಲೆ ಬೂದಿ ಎಲ್ಲವನ್ನೂ ಕೊಟ್ಟು ನೋಡಿದ್ದೇವೆ. ಇದು ವೈರಸ್ ರೋಗವೇ? ಗಿಡಗಳನ್ನು ಕಿತ್ತುಹಾಕಬೇಕೇ?

ಉತ್ತರ (ಮೈಸೂರು, ಸರಸ್ವತಿಪುರಂ)

ಮೆಗ್ನೀಸಿಯಂ ಕೊರತೆ ಇರಬಹುದು. ಒಂದು ಲೀಟರ್ ನೀರಿಗೆ ಒಂದು ಚಮಚ ಎಪ್ಸಮ್ ಉಪ್ಪು ಕರಗಿಸಿ ಹಾಕಿ ನೋಡಿ.

ಉತ್ತರ (ಮೈಸೂರು, ಕುವೆಂಪುನಗರ)

ಎಪ್ಸಮ್ ಉಪ್ಪನ್ನು ಸದ್ಯಕ್ಕೆ ಹಾಕಬೇಡಿ. ಮೆಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲ ಪೋಷಕಾಂಶವಾದ್ದರಿಂದ, ಕೊರತೆ ಬಂದಾಗ ಗಿಡ ಅದನ್ನು ಹಳೆಯ ಎಲೆಗಳಿಂದ ಹಿಂಪಡೆದು ಚಿಗುರಿಗೆ ಕಳುಹಿಸುತ್ತದೆ. ಹೀಗಾಗಿ ಹಳದಿ ಬಣ್ಣ ಮೊದಲು ಕೆಳಗಿನ ಎಲೆಗಳಲ್ಲಿ ಕಾಣಬೇಕು. ಕಬ್ಬಿಣಾಂಶ ಹಾಗಲ್ಲ, ಒಮ್ಮೆ ಸೇರಿದ ಎಲೆಯನ್ನು ಅದು ಬಿಟ್ಟು ಬರುವುದಿಲ್ಲ. ನೀವು ಹೇಳಿದಂತೆ ಚಿಗುರು ಮಾತ್ರ ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣದ ಕೊರತೆಯನ್ನೇ ಮೊದಲು ಅನುಮಾನಿಸಬೇಕು. ವೈರಸ್ ಆಗಿದ್ದರೆ ಪರಸ್ಪರ ಸಂಬಂಧವಿಲ್ಲದ ಮೂರು ಜಾತಿಯ ಗಿಡಗಳಿಗೆ ಒಂದೇ ಹೊತ್ತಿಗೆ ಒಂದೇ ಬಗೆಯಲ್ಲಿ ತಗುಲುವ ಸಂಭವ ತೀರಾ ಕಡಿಮೆ. ಆದ್ದರಿಂದ ಯಾವ ಗಿಡವನ್ನೂ ಕೀಳಬೇಡಿ.

ನಿಜವಾದ ಸುಳಿವು ಇರುವುದು ಬೀನ್ಸ್ ಮತ್ತು ಪಾಲಕ್‌ನಲ್ಲಿ. ಬೀನ್ಸ್ ಉಪ್ಪಿನಂಶವನ್ನು ಸ್ವಲ್ಪವೂ ತಾಳುವುದಿಲ್ಲ, ಪಾಲಕ್ ಸಾಕಷ್ಟು ತಾಳಿಕೊಳ್ಳುತ್ತದೆ. ಯಾವ ನೀರು ಹಾಕುತ್ತಿದ್ದೀರಿ? ಕುಂಡದ ಹೊರಮೈಯಲ್ಲಿ ಬಿಳಿ ಪದರ ಕಟ್ಟಿದೆಯೇ? ಕಟ್ಟಿದ್ದರೆ ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು, ನೊರೆ ಏಳುತ್ತದೆಯೇ ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು

ಮಣ್ಣಿನ ಕುಂಡಗಳ ಅಂಚಿನಲ್ಲೆಲ್ಲ ಬಿಳಿ ಪದರವಿದೆ; ನಿಂಬೆರಸ ಬಿದ್ದ ಕೂಡಲೇ ಸಣ್ಣ ಗುಳ್ಳೆಗಳೆದ್ದು ನೊರೆ ಬಂದಿತು. ಕಾವೇರಿ ನೀರು ದಿನ ಬಿಟ್ಟು ದಿನ ಬರುವುದರಿಂದ ಅದನ್ನು ಅಡುಗೆಗೆ ಇಟ್ಟುಕೊಳ್ಳುತ್ತೇವೆ. ಗಿಡಗಳಿಗೆ ಕೊಳವೆಬಾವಿ ನೀರು, ಜೊತೆಗೆ ಬೇಸಿಗೆಯಲ್ಲಿ ಹಾಳಾಗಬಾರದೆಂದು ಆರ್‌ಓ ಯಂತ್ರದಿಂದ ಹೊರಬರುವ ನೀರನ್ನೂ ಹಾಕುತ್ತೇವೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಕೊಳವೆಬಾವಿ ನೀರು 900, ಆರ್‌ಓ ಹೊರನೀರು 1200 ತೋರಿಸುತ್ತದೆ.

ಉತ್ತರ (ಮೈಸೂರು, ಕುವೆಂಪುನಗರ)

ಕಾರಣ ಸಿಕ್ಕಿತು. ನಾಲ್ಕು ಲೀಟರ್ ನೀರು ಒಳಹೋಗಿ ಒಂದು ಲೀಟರ್ ಶುದ್ಧ ನೀರು ಬಂದರೆ, ನಾಲ್ಕು ಲೀಟರಿನ ಲವಣವೆಲ್ಲ ಹೆಚ್ಚುಕಡಿಮೆ ಉಳಿದ ಮೂರು ಲೀಟರಿನಲ್ಲೇ ಇರುತ್ತದೆ; 900 ಇದ್ದದ್ದು 1200 ಆಗುವುದು ಅದರಿಂದಲೇ. ನೀರು ಉಳಿಸುವ ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಕುಂಡ ಅದಕ್ಕೆ ತಕ್ಕ ಜಾಗವಲ್ಲ. ಹೊಲದಲ್ಲಾದರೆ ಮಳೆ ಬಂದು ಲವಣವನ್ನು ಆಳಕ್ಕೆ ಇಳಿಸುತ್ತದೆ. ಕುಂಡದಲ್ಲಿ ಬಿಸಿಲಿಗೆ ನೀರು ಆರಿಹೋಗಿ ಲವಣ ಮಾತ್ರ ದಿನದಿನಕ್ಕೂ ಶೇಖರವಾಗುತ್ತದೆ.

ನೊರೆ ಬಂದದ್ದು ಕಾರ್ಬೊನೇಟ್ ಇರುವುದರ ಗುರುತು. ಗಡಸು ನೀರಿನ ಬೈಕಾರ್ಬೊನೇಟ್ ಮಣ್ಣಿನ ರಸಸಾರವನ್ನು (ಪಿಎಚ್) ಏರಿಸುತ್ತದೆ, ಅದು 7.5 ದಾಟಿದರೆ ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇದ್ದರೂ ಕರಗದ ರೂಪಕ್ಕೆ ತಿರುಗಿ ಬೇರಿಗೆ ದಕ್ಕುವುದಿಲ್ಲ. ಒಲೆ ಬೂದಿಯೂ ಕ್ಷಾರವೇ ಆದ್ದರಿಂದ ಈ ಕುಂಡಗಳಿಗೆ ಅದನ್ನು ಇನ್ನು ಮುಟ್ಟಿಸಬೇಡಿ. ಮೊಟ್ಟೆಚಿಪ್ಪಿನ ಪುಡಿಯೂ ಬೇಡ.

ಮೊದಲು ಲವಣವನ್ನು ತೊಳೆದು ಹೊರಹಾಕಬೇಕು. ಕುಂಡದ ಗಾತ್ರದ ಎರಡರಷ್ಟು ಕಾವೇರಿ ನೀರನ್ನು, ಅಂದರೆ ಹದಿನೈದು ಲೀಟರಿನ ಕುಂಡಕ್ಕೆ ಸುಮಾರು ಮೂವತ್ತು ಲೀಟರನ್ನು, ಮೂರು ನಾಲ್ಕು ಸಲವಾಗಿ ನಿಧಾನಕ್ಕೆ ಹಾಕಿ ತಳದಿಂದ ಹರಿದುಹೋಗಲು ಬಿಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ, ಇಲ್ಲವಾದರೆ ಅದೇ ಲವಣ ಮತ್ತೆ ಮೇಲೇರುತ್ತದೆ. ಅಷ್ಟು ನೀರು ಹೊಂದಿಸಲಾಗದಿದ್ದರೆ ಮಲ್ಲಿಗೆ, ಗುಲಾಬಿಯಂಥ ಬಹುವಾರ್ಷಿಕ ಗಿಡಗಳಿಗೆ ಮಾತ್ರ ಮಾಡಿ, ಉಳಿದವನ್ನು ಅಶ್ವಿನಿ, ಭರಣಿ ಮಳೆಗೆ ಬಿಡಿ. ತೊಳೆದಾಗ ಸಾರವೂ ಹೋಗುವುದರಿಂದ ಒಂದು ವಾರದ ನಂತರ ಒಂದೆರಡು ಹಿಡಿ ಎರೆಗೊಬ್ಬರ ಕೊಡಿ.

ಆಮೇಲೆ ಅನ್ನಭೇದಿ, ಅಂದರೆ ಕಬ್ಬಿಣಾಂಶವಿರುವ ಫೆರಸ್ ಸಲ್ಫೇಟ್. ಒಂದು ಲೀಟರ್ ಕಾವೇರಿ ನೀರಿಗೆ ಮೊದಲು ಅರ್ಧ ನಿಂಬೆಹಣ್ಣು ಹಿಂಡಿ, ನಂತರ 5 ಗ್ರಾಂ ಅನ್ನಭೇದಿ ಕರಗಿಸಿ, ಸಂಜೆ ಹೊತ್ತಿನಲ್ಲಿ ಎಲೆಯ ಎರಡೂ ಬದಿಗೆ ತಾಗುವಂತೆ ಸಿಂಪಡಿಸಿ. ಮೊದಲ ದಿನ ಒಂದು ಕೊಂಬೆಗೆ ಮಾತ್ರ ಹೊಡೆದು, ಎಲೆ ಸುಡದಿದ್ದರೆ ಮುಂದುವರಿಯಿರಿ; ಹತ್ತು ದಿನಕ್ಕೊಮ್ಮೆಯಂತೆ ಎರಡು ಮೂರು ಸಲ ಸಾಕು. ತಿಳಿ ಹಸಿರು ಹರಳಿನದನ್ನೇ ಕೊಳ್ಳಿ. ಕಂದು ಬಣ್ಣಕ್ಕೆ ತಿರುಗಿದ್ದು ಗಾಳಿಯೊಡನೆ ಸೇರಿ ಕೆಟ್ಟಿರುತ್ತದೆ, ಪ್ರಯೋಜನವಿಲ್ಲ. ಮೊಸಾಯಿಕ್ ನೆಲದ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ, ಮನೆಯವರು ಸುಮ್ಮನಿರುವುದಿಲ್ಲ.

ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನು ಕೇಳಿ ಪಡೆಯಿರಿ; ಕ್ಷಾರ ಮಣ್ಣಿನಲ್ಲೂ ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಸಂಯುಕ್ತವದು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪದ್ದು ಕ್ಷಾರ ಮಣ್ಣಿನಲ್ಲಿ ಬೇಗ ಬೇರ್ಪಟ್ಟು ವ್ಯರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು

ಮಲ್ಲಿಗೆ ಮತ್ತು ಗುಲಾಬಿ ಕುಂಡಗಳನ್ನು ತೊಳೆದು, ಅನ್ನಭೇದಿಯನ್ನು ಎರಡು ಸಲ ಸಿಂಪಡಿಸಿದೆವು. ಹಳದಿಯಾಗಿದ್ದ ಎಲೆಗಳಲ್ಲಿ ಹನಿ ಬಿದ್ದ ಕಡೆಯಲ್ಲೆಲ್ಲ ಹಸಿರು ಚುಕ್ಕೆಗಳು ಮೂಡಿವೆ. ಹೊಸ ಚಿಗುರು ಪೂರ್ತಿ ಹಸಿರಾಗಿಯೇ ಬರುತ್ತಿದೆ. ಬೀನ್ಸ್ ಉಳಿಯಲಿಲ್ಲ. ದಾಸವಾಳಕ್ಕೂ ಇದೇ ಉಪಚಾರ ಮಾಡಿದ್ದೇವೆ, ಆದರೂ ಅದು ಸುಧಾರಿಸಿಲ್ಲ. ಆರ್‌ಓ ಹೊರನೀರನ್ನು ಇನ್ನು ಏನು ಮಾಡುವುದು?

ಉತ್ತರ (ಮೈಸೂರು, ಕುವೆಂಪುನಗರ)

ಹನಿ ಬಿದ್ದಲ್ಲಿ ಹಸಿರಾದದ್ದರಿಂದ ಕಬ್ಬಿಣದ ಕೊರತೆ ಎಂಬುದು ಖಚಿತವಾಯಿತು. ದಾಸವಾಳದ ಕುಂಡವನ್ನು ಓರೆಮಾಡಿ ತಳದ ರಂಧ್ರ ನೋಡಿ. ಬೇರು ಅಥವಾ ಜೇಡಿ ಕಟ್ಟಿಕೊಂಡು ನೀರು ನಿಲ್ಲುತ್ತಿದ್ದರೆ, ಗಾಳಿಯಾಡದ ಬೇರು ಕಬ್ಬಿಣವನ್ನು ಹೀರಲಾರದು, ತೊಳೆದ ಲವಣವೂ ಹೊರಗೆ ಹೋಗಿರುವುದಿಲ್ಲ. ಮಣ್ಣು ಬದಲಿಸುವುದಾದರೆ ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದೇ ಬೆರೆಸಿ, ಅದರಲ್ಲಿಯೂ ಉಪ್ಪಿರುತ್ತದೆ.

ಆರ್‌ಓ ಹೊರನೀರು ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ. ಗಿಡಕ್ಕೇ ಹಾಕಬೇಕೆಂದಿದ್ದರೆ ಒಂದು ಪಾಲಿಗೆ ಮೂರು ಪಾಲು ಕಾವೇರಿ ನೀರು ಬೆರೆಸಿ, ಪಾಲಕ್ ಮತ್ತು ಬೀಟ್‌ರೂಟ್ ಕುಂಡಗಳಿಗೆ ಮಾತ್ರ ಹಾಕಿ. ಬೀನ್ಸ್ ಅನ್ನು ಬೇರೆ ಮಣ್ಣಿನಲ್ಲಿ, ಎರಡು ಮಳೆ ಬಿದ್ದ ಮೇಲೆ ಬಿತ್ತುವುದು ಲೇಸು.